ನೈಟ್ ಡ್ಯೂಟಿ ಮುಗಿಸಿ ನೇರ 25 ಕಿ.ಮೀ. ಓಡಬೇಡಿ

"ರಾತ್ರಿಯಿಡೀ ಡ್ಯೂಟಿ, ಬೆಳಗ್ಗೆ ಎಂಟಕ್ಕೆ ಚಾರ್ಜ್ ಕೊಟ್ಟು ನೇರವಾಗಿ 25 ಕಿ.ಮೀ." ಎಂದು ಬೆವರಿದ ಮುಖದ ಫೋಟೊ ಹಾಕಿದರೆ ಲೈಕುಗಳು ಸುರಿಯುತ್ತವೆ. ಫೈರ್ ಸ್ಟೇಷನ್‌ನಲ್ಲಿ ದುಡಿಯುತ್ತ ಮೊದಲ ಮ್ಯಾರಥಾನ್‌ಗೆ ತಯಾರಾಗುವವರು ಮಾಡುವ ಅತಿ ದೊಡ್ಡ ತಪ್ಪು ಇದೇ. ದಯವಿಟ್ಟು ಇದಕ್ಕೆ ಚಪ್ಪಾಳೆ ತಟ್ಟಬೇಡಿ. ಓಟದಿಂದ ಸ್ನಾಯುವಿಗೆ ಆದ ಸಣ್ಣಪುಟ್ಟ ಹಾನಿ ರಿಪೇರಿಯಾಗುವುದು ನಿದ್ದೆಯಲ್ಲಿ. ನಿದ್ದೆಯಿಲ್ಲದ ಮೈಗೆ ಅದೇ ವೇಗ ಹೆಚ್ಚು ಭಾರ ಅನಿಸುತ್ತದೆ, ಕಾಲು ಅಡ್ಡಾದಿಡ್ಡಿ ಬೀಳುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಮಾರನೆಯ ಡ್ಯೂಟಿಯಲ್ಲಿ ಅದೇ ಕಾಲಲ್ಲಿ ಏಣಿ ಹತ್ತಬೇಕು.

ಸಮಸ್ಯೆಯ ಬೇರು ಕ್ಯಾಲೆಂಡರಿನಲ್ಲಿದೆ. ಇಂಟರ್ನೆಟ್‌ನಲ್ಲಿ ಸಿಗುವ ಟ್ರೈನಿಂಗ್ ಪ್ಲಾನ್‌ಗಳೆಲ್ಲ ಭಾನುವಾರ ರಜೆ ಇರುವವರಿಗೆ ಬರೆದವು. ಪಾಳಿಯಲ್ಲಿ ದುಡಿಯುವವರಿಗೆ ವಾರ ಅಂದರೆ ಏಳು ದಿನ ಅಲ್ಲವೇ ಅಲ್ಲ. 24 ಗಂಟೆ ಡ್ಯೂಟಿ, 48 ಗಂಟೆ ಬಿಡುವು ಇರುವ ಕಡೆ ಒಂಬತ್ತು ದಿನವನ್ನು ಒಂದು ಸುತ್ತು ಎಂದು ಹಿಡಿಯಿರಿ. ಅದರಲ್ಲಿ ಮೂರು ಡ್ಯೂಟಿ ದಿನ, ಮೂರು ಡ್ಯೂಟಿ ಮುಗಿಸಿ ಇಳಿಯುವ ದಿನ, ಮೂರು ಪೂರ್ತಿ ಖಾಲಿ ದಿನ. ಇಂಥ 14 ಸುತ್ತು ಸೇರಿದರೆ 126 ದಿನ, ಸರಿಯಾಗಿ 18 ವಾರ. 10 ಕಿ.ಮೀ. ನಿಲ್ಲದೆ ಓಡಬಲ್ಲವರು ಮೊದಲ ಮ್ಯಾರಥಾನ್‌ಗೆ ತಯಾರಾಗಲು ಅಷ್ಟು ಸಾಕು.

ಇಳಿಯುವ ದಿನ ಮನೆಗೆ ಬಂದು ಹಗುರವಾಗಿ ತಿಂದು ಮಲಗಿ. ಮಧ್ಯಾಹ್ನ ಒಂದರೊಳಗೆ ಎದ್ದುಬಿಡಿ, ಇಲ್ಲದಿದ್ದರೆ ರಾತ್ರಿಯ ನಿದ್ದೆ ಕೆಡುತ್ತದೆ. ಸಂಜೆ ಐದಕ್ಕೆ, ಮಾತಾಡುತ್ತ ಓಡಬಹುದಾದ ವೇಗದಲ್ಲಿ 6 ಕಿ.ಮೀ. ಸಾಕು. ಹಿಂದಿನ ರಾತ್ರಿ ಠಾಣೆಯಲ್ಲಿ ಬೆಂಕಿ ಕರೆಯ ಬೆಲ್ ಮೇಲೆ ಬೆಲ್ ಹೊಡೆದು ನಾಲ್ಕು ಗಂಟೆಯೂ ನಿದ್ದೆ ಆಗಿಲ್ಲವೆಂದರೆ ಅದೂ ಬೇಡ, ಅರ್ಧ ಗಂಟೆ ನಡೆಯಿರಿ. ಸಂಜೆಯ ಕಾಫಿ ಬಿಡಿ. ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಐದಾರು ಗಂಟೆ ಬೇಕು.

ಲಾಂಗ್ ರನ್, ಅಂದರೆ ಸುತ್ತಿನ ಅತಿ ದೂರದ ಓಟ, ಇರುವುದು ಖಾಲಿ ದಿನದ ಬೆಳಗ್ಗೆ ಐದಕ್ಕೆ, ಸುತ್ತಿಗೆ ಒಂದೇ ಒಂದು. ಉಳಿದ ಎರಡು ಖಾಲಿ ದಿನಗಳಲ್ಲಿ ಒಂದರಂದು 8–10 ಕಿ.ಮೀ., ಅದರ ನಡುವೆ 20 ನಿಮಿಷ ಸ್ವಲ್ಪ ಜೋರು. ಇನ್ನೊಂದು ಮನೆಯವರಿಗೆ. ಲಾಂಗ್ ರನ್ ಸುತ್ತಿನಿಂದ ಸುತ್ತಿಗೆ ಹೀಗೆ ಏರಲಿ (ಕಿ.ಮೀ. ಲೆಕ್ಕ): 14, 16, 18, ಇಳಿಸಿ 13, ಮತ್ತೆ 20, 22, 24, ಇಳಿಸಿ 16, ಆಮೇಲೆ 26, 28, ಇಳಿಸಿ 20, ಕೊನೆಗೆ 31. ಹದಿಮೂರನೆಯ ಸುತ್ತಿಗೆ 18. ಹದಿನಾಲ್ಕನೆಯ ಸುತ್ತಿನ ಕೊನೆಗೆ 42.195, ಅಂದರೆ ರೇಸ್. ಮೊದಲ ಸಲಕ್ಕೆ 31ಕ್ಕಿಂತ ಹೆಚ್ಚು ಬೇಡ. ಅದರಿಂದ ಸಿಗುವ ಲಾಭಕ್ಕಿಂತ ಚೇತರಿಕೆಗೆ ಬೇಕಾಗುವ ದಿನಗಳೇ ಜಾಸ್ತಿ, ಆ ದಿನಗಳು ನಿಮ್ಮ ಬಳಿ ಇಲ್ಲ.

ಎಂಟೆಂಟು ಗಂಟೆಯ ಮೂರು ಪಾಳಿ ಇದ್ದರೆ ಸೆಕೆಂಡ್ ಶಿಫ್ಟ್ ವಾರದಲ್ಲಿ ಲಾಂಗ್ ರನ್ ಇಟ್ಟುಕೊಳ್ಳಿ, ಬೆಳಗ್ಗೆ ಆರೂವರೆಗೆ. ನೈಟ್ ಶಿಫ್ಟ್ ವಾರ ಎಂದರೆ ದೂರ ಇಳಿಸುವ ವಾರ. 24 ಡ್ಯೂಟಿ, 24 ಬಿಡುವು ಇರುವ ಕಡೆ ಮಾತ್ರ ನಿಜಕ್ಕೂ ಕಷ್ಟ, ಅಲ್ಲಿ ಪೂರ್ತಿ ಖಾಲಿ ದಿನವೇ ಇಲ್ಲ. ಎಲ್ಲ ಲಾಂಗ್ ರನ್‌ಗೂ ರಜೆ ಸಿಗದು. 24, 28, 31ರ ಮೂರು ಓಟಕ್ಕಾದರೂ ರಜೆಯನ್ನೋ ಪಾಳಿ ಬದಲಾವಣೆಯನ್ನೋ ಮೊದಲೇ ಕೇಳಿಕೊಳ್ಳಿ. ಠಾಣಾಧಿಕಾರಿಗಳಿಗೆ ನನ್ನ ಕಳಕಳಿಯ ಮನವಿ: ಈ ಮೂರು ದಿನ ಕೊಡಿ. ಗಟ್ಟಿ ಹೃದಯದ, ಗಟ್ಟಿ ಕಾಲಿನ ಸಿಬ್ಬಂದಿಯಿಂದ ಲಾಭ ಠಾಣೆಗೇ.

ಯಾವ ರೇಸ್ ಎಂಬ ಆಯ್ಕೆಯಲ್ಲೇ ಅರ್ಧ ಗೆಲುವಿದೆ. ನಮ್ಮಲ್ಲಿ ಬೇಸಿಗೆ ಅಂದರೆ ಒಣಹುಲ್ಲು, ಕಬ್ಬಿನ ಗದ್ದೆ, ಕಾಡಿನ ಅಂಚು, ಒಂದಾದ ಮೇಲೊಂದು ಕಾಲ್ (ಬೆಂಕಿಯ ಕರೆ). ಹುಲ್ಲಿನ ಬಣವೆಯನ್ನೇ ನೋಡಿ. ಮೇಲೆ ನೀರು ಹೊಡೆದರೆ ಆರಿದಂತೆ ಕಾಣುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಕೊಕ್ಕೆ ಹಾಕಿ ಎಳೆದು, ಹರಡಿ, ನೆನೆಸಿ, ಮತ್ತೆ ಎಳೆಯಬೇಕು. ಗಂಟೆಗಟ್ಟಲೆ ಬಗ್ಗಿ ಎಳೆದ ಸೊಂಟಕ್ಕೆ ಮಾರನೆಯ ದಿನ 28 ಕಿ.ಮೀ. ಕೊಡುವುದು ನ್ಯಾಯವಲ್ಲ. ಆದ್ದರಿಂದ ಜನವರಿಯ ಮುಂಬೈ ಮ್ಯಾರಥಾನ್ ಒಳ್ಳೆಯ ಆಯ್ಕೆ. ಸೆಪ್ಟೆಂಬರ್ ಮಧ್ಯದಲ್ಲಿ ಶುರು ಮಾಡಿದರೆ ದೊಡ್ಡ ಓಟಗಳೆಲ್ಲ ನವೆಂಬರ್–ಡಿಸೆಂಬರಿನ ತಂಪಿಗೆ ಬೀಳುತ್ತವೆ. ನಡುವೆ ಬರುವ ದೀಪಾವಳಿಯಲ್ಲಿ ರಾತ್ರಿಯಿಡೀ ಬೆಲ್ ಹೊಡೆಯುತ್ತದೆ, ಆ ಸುತ್ತನ್ನೇ ದೂರ ಇಳಿಸುವ ಸುತ್ತು ಮಾಡಿ.

ಡ್ಯೂಟಿ ದಿನ ಜೋರು ಓಟ ಬೇಡವೇ ಬೇಡ. ಕಾಲು ಸುಸ್ತಾದ ಹೊತ್ತಿಗೇ ಬೆಲ್ ಹೊಡೆದರೆ? ನೀರು ತುಂಬಿದ 63 ಮಿ.ಮೀ. ಹೋಸ್ ಎಳೆಯುವಾಗ ಜೊತೆಗಾರ ನಿಮ್ಮ ಕಾಲನ್ನು ನಂಬಿ ನಿಂತಿರುತ್ತಾನೆ. ಡ್ಯೂಟಿಯಲ್ಲಿ ಮಾಡಬಹುದಾದ್ದು 20 ನಿಮಿಷದ ಶಕ್ತಿ ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ನಿಧಾನ ಇಳಿಸುವುದು 15ರಂತೆ 3 ಸಲ, ಬಸ್ಕಿ 10ರಂತೆ 3 ಸಲ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವುದು) 40 ಸೆಕೆಂಡ್. ಇನ್ನೂ ಎರಡು ಮಾಡಬಹುದಿತ್ತು ಅನಿಸುವಾಗಲೇ ನಿಲ್ಲಿಸಿ. ಅಂಗಳದಲ್ಲಿ ಹಗುರವಾಗಿ ಓಡುವುದಾದರೆ ಐದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಸಣ್ಣ ಅಂಗಳದಲ್ಲಿ ಒಂದೇ ಕಡೆಗೆ ತಿರುಗುತ್ತಿದ್ದರೆ ಮಂಡಿಯ ಹೊರಪಕ್ಕ ಚುಚ್ಚಲು ಶುರುವಾಗಬಹುದು.

ಕಾಲ್ ಮುಗಿಸಿ ಬಂದ ಮೇಲಿನ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಹೊಗೆ ಕುಡಿದಿದ್ದರೆ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿರುತ್ತದೆ. ಬರೀ ಗಾಳಿ ಉಸಿರಾಡುತ್ತಿದ್ದರೆ ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮತ್ತರ್ಧ ಇಳಿಯಲು ಇನ್ನಷ್ಟೇ ಹೊತ್ತು. ಅಲ್ಲಿಯವರೆಗೆ ಸ್ನಾಯುಗಳಿಗೆ ಆಮ್ಲಜನಕ ಕಡಿಮೆ, ಹೃದಯಕ್ಕೆ ಕೆಲಸ ಜಾಸ್ತಿ. ಅಂಥ ಕಾಲ್ ಆದ ಮೇಲೆ ಪೂರ್ತಿ 24 ಗಂಟೆ ಓಟ ಬೇಡ. ತಲೆನೋವು, ವಾಕರಿಕೆ ಇದ್ದರೆ ಆಸ್ಪತ್ರೆಗೆ ಹೋಗಿ ಆಕ್ಸಿಜನ್ ತೆಗೆದುಕೊಳ್ಳಿ. ಅಗ್ನಿಶಾಮಕ ವೃತ್ತಿಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ. ಮಸಿ ಮೆತ್ತಿದ ಮೈಯಲ್ಲಿ ಓಟಕ್ಕೆ ಇಳಿಯಬೇಡಿ. ಮೊದಲು ಸೋಪು ಹಚ್ಚಿ ಸ್ನಾನ, ಕತ್ತಿನ ಹಿಂಭಾಗ ಮತ್ತು ಕಿವಿಯ ಹಿಂದೆ ಚೆನ್ನಾಗಿ ಉಜ್ಜಿ. ಓಟದ ಶೂ ಮತ್ತು ಬನಿಯನ್ ಅನ್ನು ಫೈರ್ ಕಿಟ್ ಇಡುವ ಕಪಾಟಿನಲ್ಲಿ ಇಡಬೇಡಿ.

ಪಾದದ ಕಥೆಯೂ ಬೇರೆಯೇ. ಒದ್ದೆ ಗಮ್‌ಬೂಟಿನಲ್ಲಿ ನಾಲ್ಕು ಗಂಟೆ ನಿಂತರೆ ಅಂಗಾಲು ಬೆಳ್ಳಗೆ ಸುಕ್ಕುಗಟ್ಟುತ್ತದೆ, ಹೆಬ್ಬೆರಳ ಬುಡದಲ್ಲಿ ಚರ್ಮ ಮೆತ್ತಗಾಗಿ ಜರುಗುತ್ತದೆ. ಆ ಪಾದದಲ್ಲಿ ಓಡಿದರೆ ಐದನೇ ಕಿಲೋಮೀಟರಿಗೇ ಬೊಬ್ಬೆ. ಬೆರಳ ಸಂದಿಯೆಲ್ಲ ಒರೆಸಿ, ಗಾಳಿಗೆ ಬಿಟ್ಟು, ಸುಕ್ಕು ಪೂರ್ತಿ ಹೋದ ಮೇಲಷ್ಟೇ ಸಾಕ್ಸ್ ಹಾಕಿ.

ನೀರಿಗೆ ತೂಕದ ಯಂತ್ರವೇ ಸಾಕ್ಷಿ. ಓಟದ ಮುಂಚೆ ಮತ್ತು ಆಮೇಲೆ ತೂಕ ನೋಡಿ, 1 ಕೆ.ಜಿ. ಇಳಿದಿದ್ದರೆ ಸುಮಾರು 1 ಲೀಟರ್ ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ಬರೀ ನೀರು ಅತಿಯಾಗಿ ಕುಡಿದಿದ್ದೀರಿ, ರಕ್ತದ ಸೋಡಿಯಂ ಇಳಿಯುವುದು ಹೀಗೆಯೇ, ಅದು ಪ್ರಾಣಕ್ಕೂ ಅಪಾಯ. ಒಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರಿಗೆ ಒಂದು, ಅರ್ಧ ಲೀಟರಿಗೆ ಹಾಕಬೇಡಿ. 90 ನಿಮಿಷ ಮೀರಿದ ಓಟದಲ್ಲಿ ಗಂಟೆಗೆ ಸುಮಾರು 40 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕು, ಅಂದರೆ ಒಂದು ಪಚ್ಚಬಾಳೆಹಣ್ಣು, ಜೊತೆಗೆ 15 ಗ್ರಾಂ ಬೆಲ್ಲ. ನೋವಿನ ಮಾತ್ರೆ ನುಂಗಿ ಓಡಬೇಡಿ, ಬೆವರಿ ಒಣಗಿದ ಮೈಯಲ್ಲಿ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರ ಬಳಿ ಹೋಗಿ. ನಲವತ್ತು ದಾಟಿದವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಟ್ರೈನಿಂಗ್ ಶುರು ಮಾಡುವ ಮುಂಚೆಯೇ ವೈದ್ಯರಿಗೆ ತೋರಿಸಿಕೊಳ್ಳಬೇಕು. ಅಮೆರಿಕದಲ್ಲಿ ಡ್ಯೂಟಿಯಲ್ಲೇ ಸಾಯುವ ಅಗ್ನಿಶಾಮಕ ಸಿಬ್ಬಂದಿಯನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುತ್ತಿರುವುದು ಬೆಂಕಿಯಲ್ಲ, ಹಠಾತ್ ಹೃದಯಾಘಾತ.

ರೇಸಿನ ದಿನ 1 ಕಿ.ಮೀ.ಗೆ 6 ನಿಮಿಷ 40 ಸೆಕೆಂಡ್ ಹಿಡಿದರೆ 4 ಗಂಟೆ 41 ನಿಮಿಷಕ್ಕೆ ಮುಗಿಯುತ್ತದೆ, ಮೊದಲ ಸಲಕ್ಕೆ ಅದು ಗೌರವದ ಸಮಯ. ಮುಂಬೈಯಲ್ಲಿ 35 ಕಿ.ಮೀ. ಆದ ಮೇಲೆ ಪೆಡ್ಡರ್ ರಸ್ತೆಯ ಏರು ಬರುತ್ತದೆ. ಜೊತೆಗೆ ಸೆಕೆ, ಬೆಂಗಳೂರಿನ ತಂಪಿಗೆ ಒಗ್ಗಿದವರಿಗೆ ಅದೇ ದೊಡ್ಡ ಪರೀಕ್ಷೆ. ಏರಿನಲ್ಲಿ ನಡೆದರೆ ತಪ್ಪಿಲ್ಲ.

ರಜೆ ಅರ್ಜಿಯನ್ನು ಎರಡು ತಿಂಗಳ ಮುಂಚೆಯೇ ಕೊಡಿ. ರೇಸಿನ ಹಿಂದಿನ ಮೂರು ರಾತ್ರಿ ಮನೆಯಲ್ಲಿ ಮಲಗುವಂತಿರಲಿ. ರೇಸ್ ಆದ ಮೇಲೂ ಕನಿಷ್ಠ ಮೂರು ದಿನ ಸೇರಿಸಿ ಬರೆಯಿರಿ. ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾದ ಕಾಲಿಗೆ ಆ ದಿನಗಳಲ್ಲಿ ಏಣಿ ಹತ್ತುವ ಕೆಲಸ ಬೀಳಬಾರದು.