ಎರಡು ಕೆಜಿ ರಾಗಿ, ನಾಲ್ಕು ಚಮಚ ಸರಿ

ನಮ್ಮ ಮನೆ ಫ್ರಿಜ್ಜಿನ ಬಾಗಿಲ ಮೇಲೆ, ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ, ರಾಗಿ ಸರಿಯ ಒಂದು ಕಲೆ ಇದೆ. ಮಗು ಕೂತಿದ್ದು ನೆಲದ ಮೇಲೆ, ಅಜ್ಜಿಯ ತೊಡೆಯಲ್ಲಿ. ಅಲ್ಲಿಂದ ಇಲ್ಲಿಗೆ ಅದು ಹೇಗೆ ಬಂತು ಅಂತ ಇಂಜಿನಿಯರ್ ಆದ ನನ್ನ ಗಂಡ ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಒರೆಸಿದರೆ ಹೋಗುವುದಿಲ್ಲ. ಒಣಗಿದ ರಾಗಿ ಸರಿಗೆ ಸಿಮೆಂಟಿನ ಗುಣ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಮೊದಲ ಆರು ತಿಂಗಳು ನಾನು ಎಷ್ಟು ಸುಖವಾಗಿದ್ದೆ ಅನ್ನೋದು ಆಗ ಗೊತ್ತಾಗಲಿಲ್ಲ. ರಾತ್ರಿ ಮೂರು ಸಲ ಎದ್ದಿದ್ದು ನಿಜ, ಬೆನ್ನು ಬಿದ್ದು ಹೋಗಿದ್ದೂ ನಿಜ. ಆದರೆ ಹಾಲು ನನ್ನ ಹತ್ತಿರವೇ ಇತ್ತಲ್ಲ. ಕಾಯಿಸಬೇಕಿಲ್ಲ, ಆರಿಸಬೇಕಿಲ್ಲ, ಸೋಸಬೇಕಿಲ್ಲ, ಪಾತ್ರೆ ತೊಳೆಯಬೇಕಿಲ್ಲ, ಊರಿಗೆ ಹೊರಟರೆ ಬ್ಯಾಗಿಗೆ ಹಾಕಿಕೊಂಡೆನಾ ಅಂತ ಮೆಜೆಸ್ಟಿಕ್ಕಿನಲ್ಲಿ ನಿಂತು ತಡಕಾಡಬೇಕಿಲ್ಲ. ಆರು ತಿಂಗಳು ತುಂಬುವ ವಾರ ಡಾಕ್ಟರು ಹೇಳಿದರು, "ಹುಟ್ಟುವಾಗ ಮಗು ತಂದಿದ್ದ ಕಬ್ಬಿಣದ ಅಂಶ ಈಗ ಖಾಲಿಯಾಗ್ತಾ ಬರುತ್ತೆ. ಹಾಲೊಂದೇ ಸಾಲಲ್ಲ. ಹಾಲು ನಿಲ್ಲಿಸಬೇಡಿ, ಎರಡು ವರ್ಷ ಆಗೋವರೆಗೂ ಕೊಡಿ. ಜೊತೆಗೆ ಊಟ ಶುರು ಮಾಡಿ." ಶುರುವಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಇಷ್ಟೇ. ಕೇಳುವಾಗ ಎಷ್ಟು ಸಣ್ಣ ಕೆಲಸ ಅನಿಸಿತು ಅಂದರೆ, ಬರುವ ದಾರಿಯಲ್ಲಿ ನಾನು ಬಟ್ಟೆ ಅಂಗಡಿಗೂ ಹೋಗಿ ಬಂದೆ.

ಮನೆಗೆ ಬಂದರೆ ಅತ್ತೆ ಪಂಚಾಂಗ ತೆಗೆದು ಕೂತಿದ್ದರು. ಅನ್ನಪ್ರಾಶನ ಗಂಡು ಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣು ಮಗುವಿಗೆ ಬೆಸ ತಿಂಗಳಲ್ಲಿ ಮಾಡಬೇಕಂತೆ. ನಮ್ಮದು ಹೆಣ್ಣು. ಹಾಗಾಗಿ ಆರು ಆಗುವುದಿಲ್ಲ. ನಾನು ಜಗಳಕ್ಕೆ ತಯಾರಾಗಿ ಫೋನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪುಟ ತೆರೆದಿಟ್ಟುಕೊಂಡೆ. ಆಗ ಮೂಲೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದ ನಮ್ಮಮ್ಮ ತಲೆ ಎತ್ತದೇ ಹೇಳಿದಳು, "ಆರು ತುಂಬ್ತು ಅಂದ್ಮೇಲೆ ಏಳಕ್ಕೆ ಬಿತ್ತು ತಾನೇ?" ಮನೆ ತಣ್ಣಗಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮತ್ತೆಯೂ ಒಂದೇ ದಿನಕ್ಕೆ ಒಪ್ಪಿದ್ದು ನನಗೆ ಗೊತ್ತಿರುವ ಹಾಗೆ ಇದೊಂದೇ ಸಲ.

ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ಎದುರಿಗೇ ಮಾಡಿಸಬೇಕು ಅಂತ ಅತ್ತೆಗೆ ಆಸೆ ಇತ್ತು. ಕೊಟ್ಟಿಗೆಹಾರ ದಾಟಿದ ಮೇಲಿನ ತಿರುವುಗಳನ್ನು ನೆನೆಸಿಕೊಂಡೇ ನನ್ನ ಹೊಟ್ಟೆ ತೊಳಸಿತು. ಮನೆಯಲ್ಲೇ ಮಾಡಿದೆವು. ನನ್ನ ತಮ್ಮ ಚಿನ್ನದ ಉಂಗುರವನ್ನು ಪಾಯಸದಲ್ಲಿ ಅದ್ದಿ ಮಗುವಿನ ನಾಲಿಗೆಗೆ ಮುಟ್ಟಿಸಬೇಕು, ಶಾಸ್ತ್ರ ಅಷ್ಟೇ. ಅವಳು ಪಾಯಸವನ್ನು ನಾಲಿಗೆಯಿಂದ ಹೊರಗೆ ತಳ್ಳಿ ಉಂಗುರವನ್ನು ಮಾತ್ರ ವಸಡಿನಲ್ಲಿ ಕಚ್ಚಿ ಹಿಡಿದಳು. ಬಿಡಲೇ ಇಲ್ಲ. ಎಂಟು ಗ್ರಾಂ ಚಿನ್ನ ಒಳಗೆ ಹೋದರೆ ಏನು ಗತಿ ಅಂತ ಇಡೀ ಮನೆ ಅವಳ ಬಾಯಿಯ ಸುತ್ತ ಬಗ್ಗಿ ನಿಂತ ಫೋಟೊ ನಮ್ಮ ಹತ್ತಿರ ಇದೆ. ಆ ಫೋಟೊದಲ್ಲಿ ಯಾರ ಮುಖವೂ ಕಾಣುವುದಿಲ್ಲ, ಬರೀ ತಲೆಗಳು.

ನಿಜವಾದ ಸಮಸ್ಯೆ ಮಾರನೇ ದಿನ ಶುರುವಾಯಿತು. ಅಮ್ಮ ಮಂಡ್ಯದ ಕಡೆಯವಳು, ಅತ್ತೆ ಪುತ್ತೂರಿನವರು. ಅಮ್ಮ ರಾಗಿ ಸರಿ ಅಂದಳು, ಅತ್ತೆ ರಾಗಿ ಮಣ್ಣಿ ಅಂದರು. ಇಬ್ಬರೂ ರಾಗಿಯನ್ನೇ ಹೇಳುತ್ತಿದ್ದಾರೆ ಅಂತ ಮೂರನೆಯವರು ಯಾರಾದರೂ ಬಂದಿದ್ದರೆ ಸಮಾಧಾನ ಮಾಡಿಬಿಡುತ್ತಿದ್ದರು. ಆದರೆ ಸರಿಯೇ ಬೇರೆ, ಮಣ್ಣಿಯೇ ಬೇರೆ ಅನ್ನೋದು ಆ ಮೂರನೆಯವರಿಗೆ ಗೊತ್ತಾಗುವುದಿಲ್ಲ, ಪಾಪ.

"ಸರಿ ಹಿಟ್ಟು ಅಂದ್ರೆ ಸುಮ್ನೆ ಅಲ್ಲ ಕಣೇ. ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು, ಬೀಸಿ, ಬಟ್ಟೇಲಿ ಜರಡಿ ಹಿಡೀಬೇಕು," ಅಂತ ಅಮ್ಮ.

"ಅಷ್ಟೆಲ್ಲ ಎಂತಕ್ಕೆ? ನೆನೆ ಹಾಕುದು, ಕಡೆಯುದು, ಬಟ್ಟೆಯಲ್ಲಿ ಹಿಂಡುದು. ಆ ಹಾಲನ್ನು ಕಾಯಿಸಿದರೆ ಮಣ್ಣಿ ಆಯ್ತು. ಒಂದು ಚೂರು ಹೊಟ್ಟು ಇರುದಿಲ್ಲ," ಅಂತ ಅತ್ತೆ.

ಆಮೇಲೆ ಇಬ್ಬರೂ, "ಅಯ್ಯೋ, ನೀವು ಹೇಳಿದ ಹಾಗೇ ಆಗಲಿ ಬಿಡಿ ಅಕ್ಕಾ," ಅಂದುಕೊಂಡರು. ಬೀಗಿತ್ತಿಯರು ಇಷ್ಟು ಮರ್ಯಾದೆಯಿಂದ ಮಾತಾಡಿದರೆ ಮನೆಯಲ್ಲಿ ಉಳಿದವರು ಹುಷಾರಾಗಿರಬೇಕು.

ಕೊನೆಗೆ ಮೊದಲ ಸರದಿ ಅಮ್ಮನದಾಯಿತು. ಎರಡು ಕೆಜಿ ರಾಗಿ ಕಲ್ಲು ತೆಗೆದು, ತೊಳೆದು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಕಿಟಕಿಗೆ ನೇತು ಹಾಕಿದಳು. ಎರಡು ದಿನಕ್ಕೆ ಬಿಳಿ ಮೊಳಕೆ ಬಟ್ಟೆ ತೂರಿಕೊಂಡು ಹೊರಗೆ ಬಂತು. ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹುರಿದು ಡಬ್ಬಿಗೆ ಹಾಕಿ ಇವರ ಕೈಗೆ ಕೊಟ್ಟು ಗಿರಣಿಗೆ ಕಳಿಸಿದಳು. ಹೋಗುವಾಗ ಒಂದೇ ಮಾತು ಹೇಳಿದ್ದು, "ಮುಂಚೆ ಏನು ಬೀಸಿದ್ರು ಅಂತ ಕೇಳಿ ಹಾಕ್ಸಿ." ಇವರು ಕೇಳಿದರಂತೆ. ಗಿರಣಿಯವನು "ರಾಗಿನೇ ಸಾರ್" ಅಂದನಂತೆ. ಅದು ಸುಳ್ಳಲ್ಲ ಅಂತ ಆಮೇಲೆ ಗೊತ್ತಾಯಿತು, ಮೊದಲು ಖಾರದ ಪುಡಿ ಬೀಸಿ, ಆಮೇಲೆ ಇನ್ಯಾರದೋ ಒಂದು ಪಾವು ರಾಗಿ ಬೀಸಿ, ಆಮೇಲೆ ನಮ್ಮದು. ಮನೆಗೆ ತಂದು ಪಾತ್ರೆ ಬಾಯಿಗೆ ಹಳೇ ಮಲ್ ಪಂಚೆ ಬಿಗಿದು ಕಟ್ಟಿ, ಅಂಗೈಯಲ್ಲಿ ದುಂಡಗೆ ಆಡಿಸುತ್ತಾ ಅಮ್ಮ ಜರಡಿ ಹಿಡಿದಳು. ಕೆಳಗೆ ಬಿದ್ದ ಹಿಟ್ಟು ಪೌಡರ್ ಥರ ಇತ್ತು, ಮುಟ್ಟಿದರೆ ಕೈಗೇ ಗೊತ್ತಾಗುತ್ತಿರಲಿಲ್ಲ. ಆದರೆ ಅಮ್ಮ ಮೂರು ಸಲ ಸೀನಿದಳು. ಇವರು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಸ್ವಲ್ಪ ರುಚಿಯಾಗೇ ಇದೆ," ಅಂದರು. ಆ ಹಿಟ್ಟೆಲ್ಲ ನಮ್ಮ ಹೊಟ್ಟೆಗೆ ಮುದ್ದೆಯಾಗಿ ಹೋಯಿತು. ಅಷ್ಟು ನುಣ್ಣನೆಯ ಮುದ್ದೆ ನಾನು ಜನ್ಮದಲ್ಲಿ ತಿಂದಿಲ್ಲ, ಸಾರಿಗೆ ಖಾರ ಕಮ್ಮಿ ಹಾಕಿದರೂ ನಡೆಯಿತು.

ಮತ್ತೆ ಎರಡು ಕೆಜಿ. ಈ ಸಲ ಬೇರೆ ಗಿರಣಿ.

ಆ ಹಿಟ್ಟಿನಲ್ಲಿ ಸರಿ ಕಾಯಿಸಲು ನಿಂತವಳು ನಾನು. ಡಾಕ್ಟರು ಹೇಳಿದ್ದು, ಸರಿ ನೀರಾಗಿರಬಾರದು, ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು ಅಂತ. ನಾನು ತಿರುವುತ್ತಲೇ ಇದ್ದೆ, ಅದು ಗಟ್ಟಿಯಾಗಲೇ ಇಲ್ಲ. ಇನ್ನೊಂದು ಚಮಚ ಹಿಟ್ಟು ಹಾಕಿದೆ. ಆಗಲಿಲ್ಲ. ಹಿಟ್ಟು ಕೆಟ್ಟಿದೆ ಅಂದುಕೊಂಡು ಡಬ್ಬಿಯಲ್ಲಿದ್ದ ಮಾಮೂಲಿ ರಾಗಿ ಹಿಟ್ಟು ಎರಡು ಚಮಚ ಕಲಸಿ ಹಾಕಿದೆ. ಈಗ ಕೋಲು ನೆಟ್ಟರೆ ನಿಲ್ಲುವ ಹಾಗಾಯಿತು. ಅಮ್ಮ ಬಂದು ನೋಡಿ ತಲೆ ಚಚ್ಚಿಕೊಂಡಳು. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ, ಅದಕ್ಕೇ ಅದು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಅದೇ ಬಟ್ಟಲಿನಲ್ಲಿ ಜಾಸ್ತಿ ಹಿಟ್ಟು ಹಿಡಿಯುತ್ತದೆ, ಪುಟ್ಟ ಹೊಟ್ಟೆಗೆ ಜಾಸ್ತಿ ಶಕ್ತಿ ಹೋಗುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡಿದ್ದು. ಅಮ್ಮ ಹೇಳಿದ್ದು ಇಷ್ಟೇ, "ಮೊಳಕೆ ಕಟ್ಟಿದ್ದು ಹಗುರ ಕಣೇ, ನಿಂಗೇನು ಗೊತ್ತು."

ಉಪ್ಪು ಬೆಲ್ಲ ಇಲ್ಲದ ರಾಗಿ ಸರಿ ನೀವು ಯಾವತ್ತಾದರೂ ರುಚಿ ನೋಡಿದ್ದೀರಾ? ನಾನು ನೋಡಿದೆ. ಮಗುವಿನ ಮೇಲೆ ಗೌರವ ಹೆಚ್ಚಾಯಿತು. ಒಂದು ವರ್ಷದವರೆಗೆ ಉಪ್ಪು ಬೇಡ, ಸಕ್ಕರೆ ಬೆಲ್ಲ ಬೇಡ, ಜೇನುತುಪ್ಪವಂತೂ ನೆಕ್ಕಿಸಲೇಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. "ಬೆಲ್ಲ ಹಾಕದಿದ್ದರೆ ಅದು ಹೇಗೆ ತಿನ್ನುದು ಮಾರಾಯ್ತಿ," ಅಂತ ಅತ್ತೆ ದಿನಕ್ಕೆ ನಾಲ್ಕು ಸಲ ಅಡುಗೆಮನೆಗೆ ಬಂದು ಬೆಲ್ಲದ ಡಬ್ಬಿಯನ್ನು ಹೀಗೆ ಒಮ್ಮೆ ಮುಟ್ಟಿ ಹೋಗುತ್ತಿದ್ದರು.

ಮೊದಲ ಚಮಚ ಬಾಯಿಗೆ ಹೋಯಿತು. ನಾಲಿಗೆ ಅದನ್ನು ಹಾಗೇ ಹೊರಗೆ ತಂದು ಗಲ್ಲದ ಮೇಲೆ ಇಟ್ಟಿತು. ಚಮಚದಲ್ಲಿ ಬಾಚಿ ಮತ್ತೆ ಒಳಗೆ. ಮತ್ತೆ ಹೊರಗೆ. ಹಾಲು ಚೀಪುವ ನಾಲಿಗೆಗೆ ಮುಂದಕ್ಕೆ ತಳ್ಳುವುದೊಂದೇ ಗೊತ್ತು, ಹಿಂದಕ್ಕೆ ಒಯ್ಯುವುದನ್ನು ಅದು ಈಗ ಕಲಿಯಬೇಕು. ಐದನೇ ಸಲಕ್ಕೆ ಅವಳು ತುಟಿ ಜೋಡಿಸಿ "ಬುರ್ರ್ರ್" ಅಂದಳು. ಫ್ರಿಜ್ಜಿನ ಕಲೆ ಆವತ್ತಿನದು. ನನ್ನ ಕನ್ನಡಕ, ಗೋಡೆ ಕ್ಯಾಲೆಂಡರಿನ ಏಕಾದಶಿ, ಅತ್ತೆಯ ಸೀರೆ, ಎಲ್ಲ ಕಡೆ ಒಂದೊಂದು ಚುಕ್ಕಿ. ಅತ್ತೆಗೆ ಮಾತ್ರ ಖುಷಿಯೋ ಖುಷಿ. "ಮಕ್ಕಳು ಬುರ್ರ್ ಅಂದರೆ ಮಳೆ ಬರ್ತದೆ ಗೊತ್ತುಂಟಾ?" ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಸುಡುತ್ತಿತ್ತು.

ಅಮ್ಮ ಟ್ರಂಕಿನ ತಳದಿಂದ ಹಿತ್ತಾಳೆ ಒಳಲೆ ತೆಗೆದಳು, ಮಗುವಿನ ಬಾಯಿಗೆ ಸುರಿಯಲು ಮೂತಿ ಇರುವ ಪುಟ್ಟ ಪಾತ್ರೆ. ನನ್ನನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಇದರಲ್ಲೇ ಸುರಿದು ಬೆಳೆಸಿದ್ದಂತೆ. ಮಗುವನ್ನು ಕೂರಿಸಿಯೇ ತಿನ್ನಿಸಬೇಕು, ಮಲಗಿಸಿ ಸುರಿದರೆ ಉಸಿರುನಾಳಕ್ಕೆ ಹೋಗಬಹುದು ಅಂತ ಹೇಳಿ ಒಪ್ಪಿಸಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಒಳಲೆ ಈಗ ದೇವರ ಮನೆಯಲ್ಲಿದೆ. ದೀಪಕ್ಕೆ ಎಣ್ಣೆ ಬಿಡಲು ಅದರಂಥ ಪಾತ್ರೆ ಇನ್ನೊಂದಿಲ್ಲ.

ಇಷ್ಟರಲ್ಲಿ ನ್ಯೂಜೆರ್ಸಿಯಲ್ಲಿರುವ ನಾದಿನಿ ವಿಡಿಯೋ ಕಾಲಿನಲ್ಲಿ ಬಂದು, "ಚಮಚನೇ ಬೇಡ ಅತ್ತಿಗೆ, ಬೇಯಿಸಿದ ಕ್ಯಾರೆಟ್ ಉದ್ದಕ್ಕೆ ಹೆಚ್ಚಿ ಮುಂದೆ ಇಡಿ, ಅವಳೇ ತಿಂತಾಳೆ," ಅಂದಳು. ಇಟ್ಟೆವು. ಅವಳು ಅದನ್ನು ಹಿಸುಕಿದಳು, ಕಿವಿಗೆ ಹಚ್ಚಿಕೊಂಡಳು, ಒಂದು ಚೂರು ಬಾಯಿಗೆ ಹೋಗಿ "ಅಕ್" ಅಂತ ಓಕರಿಸಿದಳು. ಇಬ್ಬರು ಅಜ್ಜಿಯರೂ ಒಟ್ಟಿಗೆ ಕಿರುಚಿದರು. ನಾನು ಮಾತ್ರ ಗಟ್ಟಿ ಕೂತೆ. ಡಾಕ್ಟರು ಹೇಳಿದ್ದು ನೆನಪಿತ್ತು, ಕೆಮ್ಮು ಓಕರಿಕೆ ಶಬ್ದ ಬರುತ್ತಿದ್ದರೆ ಅದು ಮಗು ತಾನೇ ಸರಿ ಮಾಡಿಕೊಳ್ಳುವ ಉಪಾಯ, ಹೆದರಬೇಕಾದ್ದು ಶಬ್ದವೇ ಬರದಿದ್ದಾಗ. ಗಟ್ಟಿ ಕೂತೆ ಅಂದೆನಲ್ಲ, ಕಾಲು ನಡುಗುತ್ತಿತ್ತು, ಏಳಲು ಆಗಲಿಲ್ಲ ಅನ್ನೋದೂ ಇತ್ತು.

ಇನ್ನು ಏಲಕ್ಕಿ ಬಾಳೆಹಣ್ಣಿನ ಕಥೆ. ಅದೊಂದನ್ನು ಕಿವುಚಿ ಕೊಟ್ಟರೆ ಸ್ವಲ್ಪ ಇಳಿಯಿತು. ಮಾರನೇ ಬೆಳಗ್ಗೆ ಡೈಪರ್ ಬಿಚ್ಚಿದ ಇವರು ಬಾತ್‌ರೂಮಿನಿಂದ ಕೂಗಿದ ಕೂಗಿಗೆ ಪಕ್ಕದ ಮನೆ ನಾಯಿ ಎದ್ದಿತು. ಕಕ್ಕದಲ್ಲಿ ಕಪ್ಪು ಎಳೆ ಎಳೆ. ಹುಳ ಅಂತಲೇ ತೀರ್ಮಾನವಾಯಿತು. ಬೆಳಗ್ಗೆ ಆರು ಗಂಟೆಗೆ ನಾಲ್ಕು ಕೋನದಿಂದ ಫೋಟೊ ತೆಗೆದು ಡಾಕ್ಟರ ವಾಟ್ಸಾಪಿಗೆ ಕಳಿಸಿದರು. ಆರೂವರೆಗೆ ಒಂದೇ ಪದದ ಉತ್ತರ ಬಂತು, "ಬಾಳೆಹಣ್ಣಾ?" ಬಾಳೆಹಣ್ಣಿನ ನಡುವಿನ ಎಳೆಗಳು ಹೊಟ್ಟೆಯಲ್ಲಿ ಕಪ್ಪಾಗಿ ಹಾಗೇ ಹೊರಗೆ ಬರುತ್ತವಂತೆ. ಎಲ್ಲ ಮನೆಯಿಂದಲೂ ಆ ಫೋಟೊ ಅವರಿಗೆ ಬರುತ್ತದೆ ಅಂತ ಕಾಣುತ್ತದೆ.

ಅವಳು ಇಷ್ಟಪಟ್ಟು ತಿಂದ ವಸ್ತು ಇಲ್ಲ ಅಂತಲ್ಲ. ಒಂದು ಮಧ್ಯಾಹ್ನ ತಾಯಿ ಕಾರ್ಡಿನ ಮೂಲೆ ತಿಂದಳು. ಒಂಬತ್ತನೇ ತಿಂಗಳ ದಡಾರ ಲಸಿಕೆಯ ಸಾಲು ಪೂರ್ತಿ ಮಾಯ.

ಎರಡು ವಾರ ಹೀಗೇ ಆಯಿತು. ಒಂದು ಭಾನುವಾರ ಅಮ್ಮ ತೀರ್ಪು ಕೊಟ್ಟಳು. "ತಪ್ಪು ನಿಂದೇ. ಹಾಲಿನ ಡಬ್ಬಿ ಎದುರಿಗೇ ಕೂತಿದ್ರೆ ರಾಗಿ ಯಾರಿಗೆ ಬೇಕು?" ಅಂದರೆ ಹಾಲಿನ ಡಬ್ಬಿ ನಾನು. ಯೋಚಿಸಿದರೆ ಸರಿಯೇ, ನನ್ನ ವಾಸನೆ ಬಂದರೆ ಸಾಕು, ಅವಳು ಚಮಚವನ್ನು ಬದಿಗೆ ತಳ್ಳಿ ನನ್ನ ನೈಟಿ ಹಿಡಿದು ಎಳೆಯುತ್ತಿದ್ದಳು. ನನ್ನನ್ನು ಟೆರೇಸಿಗೆ ಗಡೀಪಾರು ಮಾಡಿದರು. ಕೈಯಲ್ಲಿ ಮುಂದಿನ ತಿಂಗಳಿಗೆ ಮೊಳಕೆ ಕಟ್ಟಿದ ರಾಗಿ, ಮತ್ತೆ ಎರಡು ಕೆಜಿ. ನೆರಳಲ್ಲೇ ಹರಡು ಅಂದಿದ್ದಳು ಅಮ್ಮ. ಬಿಸಿಲಲ್ಲಿ ಬೇಗ ಮುಗಿಯುತ್ತದೆ ಅಂತ ನಾನು ಟ್ಯಾಂಕಿನ ಆಚೆ ಬದಿ ಬಯಲಲ್ಲಿ ಬಿಳಿ ಪಂಚೆ ಹಾಸಿ ಹರಡಿದೆ. ಆಕಾಶ ಸ್ವಲ್ಪ ಮಬ್ಬಾಗಿತ್ತು, ನೋಡಿದೆ, ನೋಡಿ ಸುಮ್ಮನಾದೆ.

ಕೆಳಗೆ ಬಂದು ಅಡುಗೆಮನೆ ಪರದೆಯ ಹಿಂದೆ ನಿಂತೆ. ಮಗು ಮಾವನ ತೊಡೆ ಮೇಲೆ ಕೂತಿತ್ತು. ಮಾವ ಎಡಗೈಯಲ್ಲಿ ಪೇಪರ್ ಮಡಚಿ ಹಿಡಿದು ಸಂಪಾದಕೀಯ ಓದುತ್ತಿದ್ದರು, ಬಲಗೈ ತನ್ನ ಪಾಡಿಗೆ ಬಟ್ಟಲಿನಿಂದ ಬಾಯಿಗೆ ಹೋಗುತ್ತಿತ್ತು. ಅವರು ಅವಳನ್ನು ನೋಡುತ್ತಲೇ ಇರಲಿಲ್ಲ. "ಆ ಮಾಡು", "ಕಾಗೆ ನೋಡು", "ಜಾಣೆ ಅಲ್ವಾ", ಏನೂ ಇಲ್ಲ. ಅವಳೂ ಪೇಪರನ್ನೇ ನೋಡುತ್ತಾ ಬಾಯಿ ತೆರೆದಳು. ಒಂದು. ನುಂಗಿದಳು. ಎರಡು. ಮೂರು. ಊಟದ ಕೋಣೆ ಬಾಗಿಲಲ್ಲಿ ಅಮ್ಮ ಮತ್ತು ಅತ್ತೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. ನಾಲ್ಕು.

ನನಗೆ ತಡೆಯಲಾಗಲಿಲ್ಲ. "ನನ್ ಬಂಗಾರೀ!" ಅಂತ ಪರದೆ ಸರಿಸಿ ಹೊರಗೆ ಬಂದೆ.

ಅವಳು ತಿರುಗಿದಳು. ನನ್ನನ್ನು ನೋಡಿದಳು. ತುಟಿ ಜೋಡಿಸಿದಳು.

"ಬುರ್ರ್ರ್ರ್!"

ಸಂಪಾದಕೀಯ ಹೋಯಿತು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಅತ್ತೆ ನಗುತ್ತಾ, "ಮಳೆ ಬರ್ತದೆ, ನೋಡಿ ಬೇಕಾದರೆ," ಅಂದರು. ಎಲ್ಲರೂ ನಕ್ಕೆವು. ಹೊರಗಿನ ಶೀಟಿನ ಮೇಲೆ ಟಪ್ ಅಂದಾಗಲೂ ನಾನು ನಗುತ್ತಲೇ ಇದ್ದೆ. ಎರಡನೇ ಟಪ್‌ಗೆ ಅಮ್ಮ, "ಭರಣಿ ಮಳೆ ಕಣೇ, ಒಳ್ಳೇದು," ಅಂದಳು. ಆಮೇಲೆ ನನ್ನ ಮುಖ ನೋಡಿದಳು. "ರಾಗಿ ನೆರಳಲ್ಲಿ ಹಾಕಿದ್ದೀಯ ತಾನೇ?"

ನಾವು ಮೂವರೂ ಮೇಲೆ ಓಡುವಷ್ಟರಲ್ಲಿ ಪಂಚೆ ಕೆರೆಯಾಗಿತ್ತು, ರಾಗಿ ತೇಲುತ್ತಿತ್ತು. ಅಮ್ಮ ಮಾತೇ ಆಡಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ, ಬಗ್ಗಿ, ಪಂಚೆಯ ಒಂದು ತುದಿ ಹಿಡಿದು ಎತ್ತಿ ನೀರು ಬಸಿದರು.

"ನೆನೆದದ್ದು ನೆನೆದು ಆಯ್ತಲ್ಲ ಅಕ್ಕಾ," ಅಂದರು. "ಇನ್ನು ಮಣ್ಣಿಯೇ ಮಾಡುವ."