ಗೋಡೆಯ ಆಚೆ ಮೀಟರು, ಈಚೆ ಅತ್ತೆಯವರ ಮಂಚ

ಈಗಷ್ಟೇ ಕರೆಂಟ್ ಕಚೇರಿಯಿಂದ ಮನೆಗೆ ಬಂದೆ. ಒಂದು ಚೆಂಬು ನೀರು ಕುಡಿದೆ, ಸಿಟ್ಟು ಇಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಓದದೆಯೇ ಲೈಕ್ ಒತ್ತಿ ಮುಂದೆ ಹೋಗಬಹುದು, ಹೇಗೂ ನೀವು ಮಾಡುವುದು ಅದನ್ನೇ.

ಮಗನಿಗಾಗಿ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿದ ಕಥೆ, ಅದಕ್ಕಾಗಿ ನಾನು ಗೌಂಡಿಯವರೊಂದಿಗೆ ಪಟ್ಟ ಪಾಡು ನಿಮಗೆಲ್ಲ ಗೊತ್ತೇ ಇದೆ. ಕೊನೆಗೂ ಅದಕ್ಕೆ ಬೇರೆ ಸಂಪರ್ಕ ಮಂಜೂರಾಯಿತು. ಸೋಮವಾರ ಬೆಳಿಗ್ಗೆ ಗುತ್ತಿಗೆದಾರನ ಕಡೆಯ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಹಾಲ್‌ನ ಹೊರಗೋಡೆಗೆ ನಾಲ್ಕು ತೂತು ಕೊರೆದು, ಕರೆಂಟಿನ ಲೆಕ್ಕವನ್ನು ತಾನೇ ರೇಡಿಯೊ ತರಂಗದ ಮೂಲಕ ಕಚೇರಿಗೆ ಕಳಿಸುವ ಸ್ಮಾರ್ಟ್ ಮೀಟರ್ ಕೂರಿಸಿಯಾಗಿತ್ತು. ಆ ಗೋಡೆಯ ಒಳಮಗ್ಗುಲಿಗೆ ನಮ್ಮ ಅತ್ತೆಯವರ ಮಂಚವಿದೆ. ಅವರು ತಲೆಯಿಡುವ ಕಡೆಗೂ ಮೀಟರಿಗೂ ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ.

"ತಮ್ಮಾ, ಇದರೊಳಗೆ ಸಿಮ್ ಇದೆಯೋ, ಬೇರೆ ರೇಡಿಯೊ ಇದೆಯೋ?" ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕಾ. ನಮಗೆ ಕೊಟ್ಟಿದ್ದನ್ನು ಕೂರಿಸುತ್ತೇವೆ. ಇಲ್ಲಿ ಸಹಿ ಮಾಡಿ."

ಅವನ ತಪ್ಪಿಲ್ಲ. ಮೀಟರಿಗೆ ಇಷ್ಟೆಂದು ಕೂಲಿ ಎಣಿಸುವ ಹುಡುಗ ಅವನು. ಚಹಾ ಕುಡಿದು ಹೋದ.

ನಿಜವಾದ ಕಾಟ ಶುರುವಾದದ್ದು ಮಧ್ಯಾಹ್ನ. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ಬಂತು. ಹಿಂದಿ ದನಿ, ನಡುಕ ಹುಟ್ಟಿಸುವ ಸಂಗೀತ, ಸ್ಮಾರ್ಟ್ ಮೀಟರಿನ ಕೆಂಪು ದೀಪದ ಸುತ್ತ ಒಂದು ವೃತ್ತ. ದೀಪ ಒಮ್ಮೆ ಮಿಣುಕಿದರೆ ಒಮ್ಮೆ ವಿಕಿರಣ ಹೊರಬಿತ್ತು ಎಂದು ಲೆಕ್ಕವಂತೆ. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಂತೆ, ಕ್ಯಾನ್ಸರ್ ಬರುತ್ತದಂತೆ. ಅದನ್ನು ಕಳಿಸಿದ ಕಾಕಾ ಯಾರೆಂದು ಓಣಿಯವರಿಗೆ ಹೇಳಬೇಕಾಗಿಲ್ಲ. ಅವರ ಬಾಯಿಯಿಂದ ಗುಟ್ಕಾ ಇಳಿದದ್ದನ್ನು ನಾನು ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಕಂಡಿಲ್ಲ.

ಅತ್ತೆಯವರು ವಿಡಿಯೊ ನೋಡಿದರು. ಎದ್ದು ಹೊರಗೆ ಹೋಗಿ ಮೀಟರನ್ನೂ ನೋಡಿದರು. ದೀಪ ಮಿಣುಕುತ್ತಿತ್ತು. ಒಳಗೆ ಬಂದು, "ನೋಡವ್ವಾ, ನಾನು ಇವತ್ತು ದೇವರ ಕೋಣೆಯಲ್ಲಿ ಮಲಗುತ್ತೇನೆ" ಎಂದರು.

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ನನ್ನ ಮನೆಯಲ್ಲೇ ಹೀಗಾದರೆ ಹೇಗೆ? ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ. ಹೊಸ ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಓದಿಸಿದೆ: ಒಂದು ಯೂನಿಟ್‌ಗೆ 3200 ಮಿಣುಕು. ಅಂದರೆ ಆ ದೀಪ ನಾವು ಸುಡುವ ಕರೆಂಟಿನ ಲೆಕ್ಕ ಹೇಳುತ್ತದೆಯೇ ಹೊರತು ತರಂಗದ ಲೆಕ್ಕವನ್ನಲ್ಲ. ಮಹಡಿಯ ಕೋಣೆಯ ಫ್ಯಾನ್ ಆರಿಸಿ ತೋರಿಸಿದೆ, ಮಿಣುಕು ನಿಧಾನವಾಯಿತು. ಪಕ್ಕದ ಹಳೆಯ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಅದೇ ಕೆಂಪು ದೀಪ ವರ್ಷಗಟ್ಟಲೆಯಿಂದ ಮಿಣುಕುತ್ತಿದೆ. ಅತ್ತೆಯವರು ತಲೆಯಾಡಿಸಿದರು. ಸಂಜೆ ಹಾಸಿಗೆ ಮಾತ್ರ ದೇವರ ಕೋಣೆಗೇ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಮಾತಿಗೆ ಬರುತ್ತೇನೆ. ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ರೇಡಿಯೊ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿದ್ದು ನಿಜ. ಬಹುಮಟ್ಟಿಗೆ ಮೊಬೈಲ್ ಫೋನನ್ನು ಕಿವಿಗೆ ಒತ್ತಿಕೊಂಡು ಮಾತನಾಡುವವರ ಮೇಲೆ ನಡೆದ ಅಧ್ಯಯನಗಳನ್ನು ನೋಡಿ, 'ಇರಲೂಬಹುದು, ಪುರಾವೆ ಸಾಲದು' ಎಂಬ ಅರ್ಥದಲ್ಲಿ ಸೇರಿಸಿದ ಗುಂಪು ಅದು. ಅದೇ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ಉಪ್ಪಿನಕಾಯಿಯೂ ಇದೆ. (ಚೀನಾ, ಕೊರಿಯಾ ಕಡೆಯದು. ನಮ್ಮ ಮಾವಿನಕಾಯಿಯದಲ್ಲ, ಗಾಬರಿಯಾಗಬೇಡಿ.) ಕಟ್ಟಿಗೆ ಒಲೆಯ ಹೊಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ '2ಎ'ಯಲ್ಲಿದೆ. ಅಡಿಕೆ, ತಂಬಾಕು ಎರಡೂ ಅನುಮಾನಕ್ಕೆ ಎಡೆಯಿಲ್ಲದ ಒಂದನೆಯ ಗುಂಪಿನಲ್ಲಿವೆ. ಕಾಕಾ ಅವರೇ, ಇದನ್ನೂ ಒಮ್ಮೆ ಫಾರ್ವರ್ಡ್ ಮಾಡಿ.

ಇಷ್ಟು ಓದಿ, ಟೀಚರ್ ಮೂಢನಂಬಿಕೆ ಬಿಡಿಸಲು ಹೊರಟಿದ್ದಾರೆ ಎಂದುಕೊಂಡಿರಿ ಅಲ್ಲವೇ? ಇಲ್ಲ. ಕಾಕಾ ಮೇಲಿನ ಸಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದಿತ್ತು. ಇಳಿಯದ ಸಿಟ್ಟು ಇನ್ನೊಂದಿದೆ. ಅತ್ತೆಯವರಿಗೆ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಈ ಪೆಟ್ಟಿಗೆಯಲ್ಲಿ ಇಂಥ ರೇಡಿಯೊ ಇದೆ, ಇಷ್ಟು ಶಕ್ತಿಯದು, ದಿನಕ್ಕೆ ಇಷ್ಟು ಸಲ ಮಾತನಾಡುತ್ತದೆ, ಇಷ್ಟು ದೂರದಲ್ಲಿ ಅಳೆದು ನೋಡಿದ್ದೇವೆ, ಕೆಳಗೆ ಅಳೆದವರ ಸಹಿ ಇದೆ ಎನ್ನುವ ಒಂದೇ ಒಂದು ಹಾಳೆ. ನಮ್ಮ ಕರೆಂಟನ್ನು ಅರ್ಧ ಗಂಟೆಗೊಮ್ಮೆ ಅಳೆದಿಡುವ ಯಂತ್ರ ಅದು. ಅದನ್ನು ಅಳೆದವರು ಯಾರು?

ಅದನ್ನೇ ಕೇಳಲು ಇಂದು ಕಚೇರಿಗೆ ಹೋಗಿದ್ದೆ.

ಮೊದಲ ಮೇಜಿನವರು ಎರಡನೆಯ ಮೇಜಿಗೆ ಕಳಿಸಿದರು. ಎರಡನೆಯ ಮೇಜಿನವರು ಊಟಕ್ಕೆ ಹೋಗಿದ್ದರು. ಹನ್ನೆರಡು ಗಂಟೆಗೆ ಯಾವ ಊಟವೋ. ಒಂದೂವರೆ ಗಂಟೆ ಬೆಂಚಿನ ಮೇಲೆ ಕುಳಿತೆ. ಬಂದವರು ನನ್ನ ಆರ್‌.ಆರ್‌. ನಂಬರ್ ಕೇಳಿ ಬರೆದುಕೊಂಡರು, ಬಿಲ್ ಹೆಚ್ಚು ಬಂದಿದೆಯೇ ಎಂದರು. ಇಲ್ಲ, ತರಂಗದ ವಿಷಯ ಎಂದೆ. ಆಗ ಅವರ ಮುಖ ನೋಡಬೇಕಿತ್ತು. ಗಂಡಸರು ಹೆಂಗಸರ ಭಯಕ್ಕೆಂದೇ ಇಟ್ಟುಕೊಂಡಿರುವ ನಗೆಯೊಂದಿದೆಯಲ್ಲ, ಅದು ಬಂತು.

"ಮೇಡಂ, ಸರ್ಕಾರದ ಆದೇಶ. ಏನೂ ಆಗುವುದಿಲ್ಲ."

"ಏನೂ ಆಗುವುದಿಲ್ಲ ಎಂದು ಬರೆದ ಕಾಗದ ಕೊಡಿ ಸರ್."

"ಅದೆಲ್ಲ ಮೇಲಿನವರಿಗೆ ಗೊತ್ತು. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಇದರ ಹತ್ತು ಪಟ್ಟು ವಿಕಿರಣವಿದೆ, ಅದಕ್ಕೆ ಹೆದರುವುದಿಲ್ಲವೇ?"

ಈ ಮೊಬೈಲಿನ ವಾದವನ್ನು ನೀವೂ ಕಮೆಂಟಿನಲ್ಲಿ ಹಾಕಲು ಹೊರಟಿರುತ್ತೀರಿ, ತಡೆಯಿರಿ. ಹತ್ತು ಪಟ್ಟು ಎಂಬ ಲೆಕ್ಕ ಅವರಿಗೆ ಎಲ್ಲಿಂದ ಸಿಕ್ಕಿತು, ಅದನ್ನೇ ತಾನೆ ನಾನು ಕೇಳುತ್ತಿರುವುದು? ಇರಲಿ. ನನ್ನ ಒಂಬತ್ತು ಸಾವಿರದ ಮೊಬೈಲಿನಲ್ಲಿ *#07# ಒತ್ತಿದರೆ ತಲೆ ಎಷ್ಟು ಶಕ್ತಿ ಹೀರುತ್ತದೆ ಎಂಬ ಅಂಕಿ ಪರದೆಯ ಮೇಲೆ ಬರುತ್ತದೆ. ಕಿಲೋಗ್ರಾಂಗೆ 1.6 ವ್ಯಾಟ್ ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಮೊಬೈಲನ್ನು ನಾನು ಕೊಂಡೆ, ಬೇಡವೆಂದರೆ ಆರಿಸುತ್ತೇನೆ, ದೂರ ಇಡುತ್ತೇನೆ. ಮೀಟರನ್ನು ಆರಿಸಲು ಬರುವುದಿಲ್ಲ, ಮುಟ್ಟಿದರೆ ದಂಡ. ಬೇಡ ಎಂದರೆ ಸಂಪರ್ಕವೇ ಇಲ್ಲ. ನಾನು ಆರಿಸಬಲ್ಲ ವಸ್ತುವಿನ ಮೇಲೆ ಅಂಕಿಯಿದೆ, ಆರಿಸಲಾಗದ್ದರ ಮೇಲೆ ಇಲ್ಲ.

ಟವರುಗಳಿಗೂ ಒಂದು ದಾರಿಯಿದೆ. ದೂರಸಂಪರ್ಕ ಇಲಾಖೆ 2012ರ ಸೆಪ್ಟೆಂಬರ್ 1ರಿಂದ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. 2017ರಲ್ಲಿ 'ತರಂಗ ಸಂಚಾರ' ಎಂಬ ಪೋರ್ಟಲ್ ತೆರೆಯಿತು. ಅದರಲ್ಲಿ ಶುಲ್ಕ ಕಟ್ಟಿದರೆ ಮನೆಗೆ ಬಂದು ಅಳೆದು ವರದಿ ಕೊಡುವ ವ್ಯವಸ್ಥೆಯಿದೆ. ಟವರಿನವರಿಗೆ ಇರುವ ಈ ಲಜ್ಜೆ ಮೀಟರಿನವರಿಗೆ ಏಕಿಲ್ಲ?

ಟವರ್ ಎಂದ ಮೇಲೆ ಒಂದು ವಿಷಯ ಹೇಳಿಬಿಡುತ್ತೇನೆ, ಬಹಳ ದಿನದಿಂದ ಹೊಟ್ಟೆಯಲ್ಲಿದೆ. ಹದಿಮೂರು ವರ್ಷದ ಹಿಂದೆ ಎದುರು ಮನೆಯ ಮಾಳಿಗೆಯ ಮೇಲೆ ಟವರ್ ಬಂದಾಗ ಓಣಿಯೆಲ್ಲ ತಿರುಗಿ ಸಹಿ ಸಂಗ್ರಹಿಸಿದವಳು ನಾನೇ. 'ಮಕ್ಕಳ ಆರೋಗ್ಯ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಆ ಕಂಪನಿಯವರು ಮೊದಲು ನಮ್ಮ ಮಾಳಿಗೆಯನ್ನೇ ನೋಡಿ ಹೋಗಿದ್ದರು. ಬಾಡಿಗೆ ನಮ್ಮ ಕೈತಪ್ಪಿ ಎದುರು ಮನೆಗೆ ಹೋಯಿತು. ನಮಗೇ ಸಿಕ್ಕಿದ್ದರೆ ಮಕ್ಕಳ ಆರೋಗ್ಯ ನನಗೆ ನೆನಪಾಗುತ್ತಿತ್ತೇ? ಅನುಮಾನ. ಎದುರು ಮನೆಯ ಅಕ್ಕ ಇದನ್ನು ಓದುತ್ತಿದ್ದರೆ ಕ್ಷಮಿಸಲಿ. ಹಾಗಾಗಿ ಆರೋಗ್ಯದ ಹೆಸರಿನಲ್ಲಿ ಎದ್ದ ಕೂಗೆಲ್ಲ ಆರೋಗ್ಯದ್ದಲ್ಲ ಎಂಬುದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಕಚೇರಿಯವರು ಮಾಡದ ಲೆಕ್ಕವನ್ನು ನಾನೇ ಮಾಡಿದೆ, ಅದೇ ಬೆಂಚಿನ ಮೇಲೆ, ಹಳೆಯ ಬಿಲ್ಲಿನ ಹಿಂಬದಿಯಲ್ಲಿ. ನಮ್ಮಲ್ಲಿ ಇಂಥ ಮೀಟರುಗಳು ಒಂದೋ ಒಳಗಿನ ಸಿಮ್ ಮೂಲಕ ಮಾತನಾಡುತ್ತವೆ, ಇಲ್ಲವೇ 865 ಮೆಗಾಹರ್ಟ್ಸ್ ಆಸುಪಾಸಿನ, ಪರವಾನಗಿ ಬೇಡದ ತರಂಗದಲ್ಲಿ ಒಂದು ಮೀಟರಿನಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತವೆ. ಎರಡನೆಯದಕ್ಕೆ ನಿಯಮ ಒಪ್ಪುವ ಪ್ರಸಾರ ಶಕ್ತಿ ಹೆಚ್ಚೆಂದರೆ 1 ವ್ಯಾಟ್. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿತು ಎಂದುಕೊಳ್ಳಿ. 1 ಮೀಟರ್ ದೂರದಲ್ಲಿ ಚದರ ಮೀಟರಿಗೆ 0.08 ವ್ಯಾಟ್. ದೂರ ಇಮ್ಮಡಿಯಾದರೆ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ 2 ಮೀಟರಿಗೆ 0.02. ಅರ್ಧ ಮೀಟರಿಗೆ ಬಂದರೆ 1 ಮೀಟರಿನದರ ನಾಲ್ಕು ಪಟ್ಟು, 0.32. ಟವರಿಗೆ ಹಾಕಿದ ಮಿತಿ ಈ ತರಂಗಕ್ಕೆ ಸುಮಾರು 0.43. ಆಂಟೆನಾ ಒಂದೇ ಕಡೆಗೆ ದೂಡಿದರೆ ಹೆಚ್ಚಾದೀತು, ಗೋಡೆ ನುಂಗಿದರೆ ಕಡಿಮೆಯಾದೀತು. ಅದೂ ಮೀಟರ್ ಹಗಲೂ ರಾತ್ರಿ ಬಾಯಿ ಮುಚ್ಚದಿದ್ದರೆ. ನಿಜದಲ್ಲಿ ಅದು ಚೂರು ಚೂರು ಕ್ಷಣ ಮಾತನಾಡಿ ಸುಮ್ಮನಾಗುವ ಯಂತ್ರ, ಸರಾಸರಿ ತೆಗೆದರೆ ಉಳಿಯುವುದು ತೀರಾ ಕಡಿಮೆ.

ಹಾಗಾದರೆ ಜಗಳ ಏಕೆ ಎನ್ನುತ್ತೀರಾ? ಉತ್ತರ ಅವರ ಪರವಾಗಿಯೇ ಇದೆ, ಆದರೂ ಹೇಳುವುದಿಲ್ಲ, ಅದಕ್ಕೇ ಜಗಳ! ನಾನು 1 ವ್ಯಾಟ್ ಎಂದು ಹಿಡಿದದ್ದು ನಿಯಮದ ಪುಸ್ತಕದಿಂದ. ಅಂಕಿ ನನ್ನ ಗೋಡೆಯ ಮೇಲಿನ ಪೆಟ್ಟಿಗೆಯದು ಬೇಕು. ಇನ್ನೊಂದು ವಿಷಯವೂ ಆ ಲೆಕ್ಕದಲ್ಲೇ ಇದೆ. ಎರಡು ಮೀಟರ್ ಆಚೆ, ಕಾಂಪೌಂಡ್ ಗೋಡೆಗೆ ಕೂರಿಸಿದ್ದರೆ ಅತ್ತೆಯವರು ಮಲಗುವ ಜಾಗವನ್ನೇ ಬದಲಿಸಬೇಕಿರಲಿಲ್ಲ. ಡ್ರಿಲ್ಲಿಂಗ್ ಮಷಿನ್ ಹಿಡಿದ ಹುಡುಗನಿಗೆ 'ಗೋಡೆಯ ಒಳಗಡೆ ಯಾರು ಮಲಗುತ್ತಾರೆ ಎಂದು ಕೇಳು' ಎಂದು ಹೇಳಿಕೊಡಲು ಎಷ್ಟು ಖರ್ಚು?

2025ರಲ್ಲಿ ರಾಜ್ಯದಲ್ಲಿ ಸ್ಮಾರ್ಟ್ ಮೀಟರಿನ ಗಲಾಟೆ ಎಷ್ಟಾಯಿತು ನೆನಪಿದೆಯಲ್ಲ. ಬೆಲೆ ಹೆಚ್ಚಾಯಿತು, ಟೆಂಡರ್ ಹೇಗಾಯಿತು ಎಂದು ಹೈಕೋರ್ಟ್‌ವರೆಗೆ ಹೋಯಿತು. ಬೇಕಾದ ಜಗಳವೇ. ಆದರೆ ಅಷ್ಟೆಲ್ಲ ಸದ್ದಿನಲ್ಲಿ ಈ ಹಾಳೆಯ ಮಾತು ನನ್ನ ಕಿವಿಗೆ ಒಮ್ಮೆಯೂ ಬೀಳಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನ ಹೀಗೆಯೇ ಹೆದರಿದಾಗ, 2011ರ ಜನವರಿಯಲ್ಲಿ ಅಲ್ಲಿನ ವಿಜ್ಞಾನ ಮಂಡಳಿ ಆರೋಗ್ಯದ ಪ್ರಶ್ನೆಯನ್ನೇ ಹಿಡಿದು ವರದಿ ಕೊಟ್ಟಿತು. ಆಗ ಗೊತ್ತಿದ್ದ ಮಟ್ಟಿಗೆ ಹಾನಿಯ ಪುರಾವೆಯಿಲ್ಲ ಎಂದೇ ಅದು ಹೇಳಿತು. ಆದರೂ 2012ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ, ಬೇಡವೆಂದವರು ಹೆಚ್ಚುವರಿ ಹಣ ಕಟ್ಟಿ ಹಳೆಯ ಮೀಟರನ್ನೇ ಉಳಿಸಿಕೊಳ್ಳಲಿ ಎಂದಿತು. ನೆದರ್ಲೆಂಡ್ಸಿನ ಮೇಲ್ಮನೆಯಂತೂ 2009ರಲ್ಲಿ ಕಡ್ಡಾಯ ಮಾಡುವುದನ್ನೇ ಒಪ್ಪಲಿಲ್ಲ. ಮನೆಯಲ್ಲಿ ಯಾವಾಗ ಜನರಿದ್ದಾರೆ, ಯಾವಾಗ ಇಲ್ಲ ಎಂಬುದು ಮೀಟರಿನಿಂದ ತಿಳಿಯುತ್ತದೆ ಎಂಬ ಕಾರಣಕ್ಕೆ. ಅದು ಇನ್ನೊಂದು ದಿನದ ಸಿಟ್ಟು, ಇವತ್ತು ಬೇಡ.

ಅಂದಹಾಗೆ, ಕರೆಂಟ್ ಹೋದ ಕ್ಷಣವೇ ಈ ಮೀಟರ್ ಕಚೇರಿಗೆ ಸುದ್ದಿ ಮುಟ್ಟಿಸಬಲ್ಲದಂತೆ. ಒಳ್ಳೆಯದೇ. ಮೇ ತಿಂಗಳ ಮಧ್ಯಾಹ್ನ ಸುದ್ದಿ ಮುಟ್ಟಿದ ಮೇಲೆ ಎದ್ದು ಬರುವ ಸ್ಮಾರ್ಟ್ ಮನುಷ್ಯನನ್ನೂ ಜೊತೆಗೆ ಕಳಿಸಿದ್ದರೆ ಚೆನ್ನಾಗಿತ್ತು.

ನನ್ನ ಗಂಡ, "ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಂಪವೇ" ಎನ್ನುತ್ತಿದ್ದಾರೆ. ಸಣ್ಣದೇ ಇರಬಹುದು. ಆದರೆ 'ಏನೂ ಆಗುವುದಿಲ್ಲ' ಎಂಬ ಮಾತನ್ನು ನಮ್ಮ ಸೀಮೆಯವರು ಅಷ್ಟು ಸುಲಭಕ್ಕೆ ನುಂಗಬಾರದು. ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ಕಿರದಳ್ಳಿ ತಾಂಡಾವನ್ನು ನೆನೆಯಿರಿ. ಚಿನ್ನದ ಅದಿರಿನ ಮಂಗಳೂರು ಪಟ್ಟಿಯ ಊರು ಅದು (ಕರಾವಳಿಯ ಮಂಗಳೂರಲ್ಲ). ಅಲ್ಲಿನ ಜನ ಕೊಳವೆಬಾವಿಯ ನೀರನ್ನೇ ಕುಡಿದರು. ಆ ನೀರಿನಲ್ಲಿ ಆರ್ಸೆನಿಕ್ ಇತ್ತು. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದ ವಿಷ, ಒಂದನೆಯ ಗುಂಪಿನದು. ಚರ್ಮದ ಮೇಲೆ ಕಲೆ, ಅಂಗೈ ಅಂಗಾಲಿನಲ್ಲಿ ಗಂಟು, ಕ್ಯಾನ್ಸರ್. ಆ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ವಾಸನೆಯಿಲ್ಲ, ರುಚಿಯಿಲ್ಲ, ಯಾವ ಕೆಂಪು ದೀಪವೂ ಮಿಣುಕುವುದಿಲ್ಲ. ಅಳೆದಾಗಲೇ ಗೊತ್ತಾದದ್ದು. ಮೀಟರನ್ನೂ ಆರ್ಸೆನಿಕ್ಕನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಬುದ್ಧಿಗೇಡಿ ನಾನಲ್ಲ. ನಾನು ಹೇಳುತ್ತಿರುವುದು ತಕ್ಕಡಿಯ ಬಗ್ಗೆ.

ಕೊನೆಗೆ ಕಚೇರಿಯಲ್ಲಿ ಏನಾಯಿತು ಎಂದರೆ, ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಗಡುವು. ಮೀಟರಿನ ತರಂಗ ಯಾವುದು, ಪ್ರಸಾರ ಶಕ್ತಿ ಎಷ್ಟು, ದಿನಕ್ಕೆ ಎಷ್ಟು ಸಲ, ಪರೀಕ್ಷಿಸಿದವರು ಯಾರು, ಎಲ್ಲಿ ಕೂರಿಸಬೇಕೆಂದು ಗುತ್ತಿಗೆದಾರನಿಗೆ ಕೊಟ್ಟ ಸೂಚನೆಯ ಪ್ರತಿ. ಅವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಟೀಚರ್ ಇದ್ದೀರಾ ಮೇಡಂ?" ಎಂದರು. ಹೌದು ಎಂದೆ. "ಅಕ್ಷರ ನೋಡಿದರೇ ಗೊತ್ತಾಗುತ್ತದೆ" ಎಂದು ಸ್ವೀಕೃತಿಯ ಮುದ್ರೆ ಒತ್ತಿದರು. ಮುದ್ರೆಯಲ್ಲಿ ಶಾಯಿ ಇರಲಿಲ್ಲ. ಎರಡನೆಯ ಸಲ ನಾನೇ ಪ್ಯಾಡಿನ ಮೇಲೆ ಒತ್ತಿ ಕೊಟ್ಟೆ.

ಮನೆಗೆ ಬಂದು ದೇವರ ಕೋಣೆಗೆ ಇಣುಕಿದೆ. ಅತ್ತೆಯವರು ಹಾಸಿಗೆಯ ಮೇಲೆ ಒರಗಿ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ಚಾರ್ಜರಿನ ವೈರು ಮೋಟಾಗಿದೆ ಎಂದು ತಲೆದಿಂಬನ್ನೇ ಪ್ಲಗ್ಗಿನ ಬುಡಕ್ಕೆ ಎಳೆದುಕೊಂಡಿದ್ದಾರೆ. "ಕಾಗದ ಕೊಟ್ಟರೇನವ್ವಾ?" ಎಂದು ಕೇಳಿದರು, ಪರದೆಯಿಂದ ಕಣ್ಣು ತೆಗೆಯದೆ.