ಸತ್ಯಾಂಶ: ಪುಟ್ಟ ಪ್ಯಾನೆಲ್‌ನಿಂದ ಇಡೀ ಮನೆಗೆ ಬಿಸಿನೀರು?

ಪುಣೆಯಲ್ಲಿ ಚಳಿ ಶುರುವಾದರೆ ಸಾಕು, ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಆ ಮೆಸೇಜ್ ಬಂದೇ ಬರುತ್ತದೆ: "100 ವಾಟ್ ಸೋಲಾರ್ ಪ್ಯಾನೆಲ್ ತಂದು ಇಮ್ಮರ್ಶನ್ ರಾಡಿಗೆ ವೈರ್ ಕೊಡಿ. ಇಡೀ ಮನೆಗೆ ಬಿಸಿನೀರು ಬಿಟ್ಟಿ!"

ಆಗಲ್ಲ. ಲೆಕ್ಕ ನೋಡಿ. 1500 ವಾಟಿನ ರಾಡ್ 230 ವೋಲ್ಟಿಗೆ ಮಾಡಿದ್ದು. ಇಂಥ ಪ್ಯಾನೆಲ್ ಕೊಡುವುದು ಸುಮಾರು 18 ವೋಲ್ಟ್. ವೋಲ್ಟ್ ಅರ್ಧವಾದರೆ ವಾಟ್ ಕಾಲು ಭಾಗಕ್ಕಿಳಿಯುತ್ತದೆ; ಹಾಗಾಗಿ ನೇರ ಜೋಡಿಸಿದರೆ ರಾಡಿಗೆ ಸಿಗುವುದು ಸುಮಾರು 9 ವಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಸುಮ್ನೆ ಕಾಯಬೇಕು ಅಷ್ಟೇ.

ಸರಿ, ಪ್ಯಾನೆಲ್ಲಿಗೆ ಹೊಂದುವ ರಾಡನ್ನೇ ಹಾಕಿದರೆ? ದಿನವಿಡೀ ಒಳ್ಳೆ ಬಿಸಿಲಿದ್ದರೂ ಸಿಗುವುದು ಅರ್ಧ ಯೂನಿಟ್ ಆಸುಪಾಸು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.7 ಯೂನಿಟ್ ಬೇಕು.

ಹಾಗಂತ ಬಿಸಿಲಿನದು ತಪ್ಪಲ್ಲ. ಪ್ಯಾನೆಲ್ ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ಕರೆಂಟ್ ಮಾಡುತ್ತದೆ. ಕಪ್ಪು ಬಳಿದ ತಗಡಿಗೆ ನೀರಿನ ಪೈಪ್ ಅಂಟಿಸಿ ಮೇಲೆ ಗಾಜು ಮುಚ್ಚಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಶಾಖ ನೇರವಾಗಿ ನೀರಿಗಿಳಿಯುತ್ತದೆ. ಟೆರೇಸಿನಲ್ಲಿ ಬಿದ್ದಿರುವ ಕಪ್ಪು ಪೈಪಿನ ನೀರು ಮಧ್ಯಾಹ್ನ ಕೈ ಸುಡುತ್ತದೆ ಅಲ್ವಾ? ಆದರೆ ಒಂದಿಂಚಿನ 30 ಮೀಟರ್ ಪೈಪಿನಲ್ಲಿ ಹಿಡಿಯುವುದು 15 ಲೀಟರ್. ಒಂದೇ ಬಕೆಟ್, ಆಮೇಲೆ ತಣ್ಣೀರೇ. ರಾತ್ರಿಗೆ ಅದೂ ಆರಿಹೋಗುತ್ತದೆ.

ಬೆಳಗಿನ ಸ್ನಾನಕ್ಕೆ ಬೇಕೆಂದರೆ ಶಾಖ ಹಿಡಿದಿಡುವ ಟ್ಯಾಂಕ್ ಬೇಕೇ ಬೇಕು. ಅದನ್ನು ತಗಡಿಗಿಂತ ಎತ್ತರದಲ್ಲಿಟ್ಟರೆ ಬಿಸಿನೀರು ತಾನಾಗಿ ಮೇಲೇರುತ್ತದೆ, ಪಂಪಿನ ಖರ್ಚಿಲ್ಲ.